ಮಂಜಿನ ದಿನಗಳಲ್ಲಿ ಭಾರದ ಗೆರೆ ಕಾಯುವ ಮಹಾದ್

ಫಜರ್ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲಂಚಿನ ಸಲಾಲಾ ಪಟ್ಟಣದ ಮೇಲೆ ಮಂಜು ಇಳಿದು ಕೂತಿದೆ. ರಸ್ತೆಬದಿಯ ಎಳನೀರಿನ ಗಾಡಿಗಳು ಒದ್ದೆ ತಾಡಪಾಲು ಹೊದ್ದು ನಿಂತಿವೆ. ಆಸ್ಪತ್ರೆಯ ಹಿಂಬದಿಯಲ್ಲಿರುವ ಪ್ರಯೋಗಾಲಯದ ಬಾಗಿಲು ತೆರೆದು ಮಹಾದ್ ಬಿನ್ ಸುಹೈಲ್ ಒಳಗೆ ಬರುತ್ತಾರೆ. ಬಂದವರು ದೀಪ ಹಾಕುವುದಿಲ್ಲ. ಮಬ್ಬಿನಲ್ಲೇ ನಿಂತು ಮೊದಲು ಕೇಳಿಸಿಕೊಳ್ಳುತ್ತಾರೆ. ಮೇಜಿನ ಕೆಳಗೆ ಪಂಪು ಒಂದೇ ಸಮನೆ ಗುಂಯ್‌ಗುಡುತ್ತಿದೆ. ಆಮೇಲೆ, ಮಲಗಿದ ಎತ್ತಿನ ಬೆನ್ನು ಸವರುವಂತೆ, ಯಂತ್ರದ ಹಿಂಬದಿಗೆ ಅಂಗೈ ಒಡ್ಡುತ್ತಾರೆ. ಫ್ಯಾನಿನ ಗಾಳಿ ಬೆಚ್ಚಗಿದೆ; ಬಿಸಿಯಿಲ್ಲ.

"ಜ್ವರ ಇಲ್ಲ," ಎನ್ನುತ್ತಾರೆ. "ಆದ್ರೂ ಮೈಯಲ್ಲಿ ಹುಷಾರಿಲ್ಲ. ಜ್ವರ ಬಂದ್ರೆ ಔಷಧಿ ಗೊತ್ತು. ಇಂಥ ಕಾಯಿಲೆನೇ ಕಷ್ಟ."

ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಇಲ್ಲಿ ಎಲ್ಲರೂ ಅದನ್ನು ತಕ್ಕಡಿ ಎಂದೇ ಕರೆಯುತ್ತಾರೆ. ಹೆಸರೇನೂ ತಪ್ಪಲ್ಲ. ಹುಟ್ಟಿದ ಕೂಸಿನ ಹಿಮ್ಮಡಿಗೆ ಸೂಜಿ ತಾಗಿಸಿ, ಕಾರ್ಡಿನ ಮೇಲೆ ಒಣಗಿಸಿದ ರಕ್ತದ ಬೊಟ್ಟುಗಳು ಇಲ್ಲಿಗೆ ಬರುತ್ತವೆ. ಬೊಟ್ಟನ್ನು ನೆನೆಸಿ ತೆಗೆದ ದ್ರವವನ್ನು ಯಂತ್ರ ಒಳಗೆಳೆದುಕೊಂಡು, ಅದರೊಳಗಿನ ಅಣುಗಳನ್ನು ತೂಕದ ಪ್ರಕಾರ ಬೇರೆಬೇರೆ ಮಾಡುತ್ತದೆ. ಪರದೆಯ ಮೇಲೆ ಗೆರೆಗಳೇಳುತ್ತವೆ. ಎಡಕ್ಕೆ ಹಗುರವಾದವು, ಬಲಕ್ಕೆ ಭಾರದವು. ಯಾವ ಗೆರೆ ಎಷ್ಟು ಎತ್ತರ ಎನ್ನುವುದನ್ನು ನೋಡಿ ಕೂಸಿನ ಮೈ ಏನನ್ನು ಅರಗಿಸಿಕೊಳ್ಳುತ್ತದೆ, ಏನನ್ನು ಅರಗಿಸಿಕೊಳ್ಳಲಾರದು ಎಂದು ಹೇಳಬಹುದು. ದಿನಕ್ಕೆ ನೂರರ ಆಸುಪಾಸು ಕಾರ್ಡುಗಳು. ಬಹುಪಾಲು ಕಾರ್ಡುಗಳಲ್ಲಿ ಹೇಳುವಂಥದ್ದೇನೂ ಇರುವುದಿಲ್ಲ.

ನಿನ್ನೆಯಿಂದ ಬಲಗಡೆಯ ಗೆರೆಗಳೇ ಏಳುತ್ತಿಲ್ಲ. ಹಗುರದವು ಸರಿಯಾಗಿವೆ, ನಡುವಿನವು ತಕ್ಕಮಟ್ಟಿಗಿವೆ, ಭಾರದವು ಮಂಜಿನೊಳಗೆ ಹೊಕ್ಕವರಂತೆ ಕಾಣೆಯಾಗಿವೆ.

ಇದು ಇವತ್ತಿಗೇ ಸರಿಯಾಗಬೇಕು. ಕಾರಣ ಮೇಲಿನ ಮಹಡಿಯಲ್ಲಿದೆ. ಬೆಟ್ಟದ ಮೇಲಿನ ಹಳ್ಳಿಯೊಂದರ ಗಂಡುಕೂಸು ಅದು, ಹುಟ್ಟಿ ವಾರ ತುಂಬಿಲ್ಲ. ಅದರ ಅಕ್ಕ ಹೋದ ವರ್ಷ ಇದೇ ದಿನಗಳಲ್ಲಿ ಮಲಗಿದ್ದಲ್ಲಿಂದ ಏಳಲಿಲ್ಲ. ಹೊಟ್ಟೆ ಖಾಲಿಯಾದಾಗ ಮೈಯ ಕೊಬ್ಬನ್ನು ಉರಿಸಿಕೊಳ್ಳಲಾರದ ಮಕ್ಕಳಿರುತ್ತವೆ. ಅಂಥ ಕೂಸನ್ನು ಹೊತ್ತುಹೊತ್ತಿಗೆ ಎಬ್ಬಿಸಿ ಹಾಲು ಕುಡಿಸದಿದ್ದರೆ ಒಂದು ಒಳ್ಳೆಯ ನಿದ್ದೆಯೇ ಅದಕ್ಕೆ ಮುಳುವಾಗುತ್ತದೆ. ಈ ಕೂಸು ಅಂಥದ್ದೇ ಎಂದು ಡಾಕ್ಟರಿಗೆ ಅನುಮಾನವಿದೆ. ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ಆ ಭಾರದ ಗೆರೆ. ಇನ್ನೊಂದು ಬೊಟ್ಟನ್ನು ರಾಜಧಾನಿ ಮಸ್ಕತ್‌ಗೆ ಕಳಿಸಿಯಾಗಿದೆ. ಅಲ್ಲಿಂದ ಉತ್ತರ ಬರಲು ಇನ್ನೂ ದಿನಗಳಿವೆ. ಆದರೆ ನಾಳೆ ಏಳನೆಯ ದಿನ, ಹೆಸರಿಡುವ ದಿನ. ಇವತ್ತು ಜುಹರ್, ಅಂದರೆ ಮಧ್ಯಾಹ್ನದ ನಮಾಜು, ಮುಗಿದೊಡನೆ ಕೂಸಿನ ಅಪ್ಪ ಗಾಡಿ ತಂದು ತಾಯಿ ಮಗು ಇಬ್ಬರನ್ನೂ ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ತಡೆಯಲು ಡಾಕ್ಟರ ಕೈಯಲ್ಲಿ ಕಾಗದವಿಲ್ಲ, ಅನುಮಾನವಷ್ಟೇ ಇದೆ.

ಇದನ್ನೆಲ್ಲ ಮಹಾದ್‌ಗೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅವರ ಮುಂದೆ ಬರುವ ಕಾರ್ಡಿನಲ್ಲಿ ಹೆಸರಿರುವುದಿಲ್ಲ, ಸಂಖ್ಯೆಯಷ್ಟೇ. ಆದರೆ ಈ ಸಲ ಕೂಸಿನ ಅಜ್ಜಿಯೇ ಕೆಳಗಿಳಿದು ಬಂದಿದ್ದಾರೆ. ಹೆಸರು ನುವೈರ್. ಇಲ್ಲಿಗೆ ಬರುವಂತಿಲ್ಲ ಎಂದು ಕಾವಲಿನವನು ಹೇಳಿದ್ದಕ್ಕೆ ಬೆಟ್ಟದ ಮಾತಿನಲ್ಲಿ ಏನೋ ಉತ್ತರ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಥರ್ಮಾಸನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಾರೆ.

"ನೀನೇನಾ ಡಾಕ್ಟ್ರು?"

"ಅಲ್ಲ ಖಾಲಾ. ಯಂತ್ರ ರಿಪೇರಿ ಮಾಡೋನು."

"ಹಾಗಾದ್ರೆ ತಡ ಮಾಡ್ತಿರೋನು ನೀನೇ ಅನ್ನು."

"ನಾನೇ."

"ಒಪ್ಕೊಂಡ್ಯಲ್ಲ, ಅಷ್ಟಾದ್ರೂ ಇದೆ. ಮೇಲಿರೋರು ಒಬ್ರೂ ಒಪ್ಕೊಳ್ಳಲ್ಲ." ಥರ್ಮಾಸಿನ ಮುಚ್ಚಳಕ್ಕೆ ಒಂಟೆ ಹಾಲಿನ ಚಹಾ ಬಗ್ಗಿಸಿ ಅವರ ಕೈಗೆ ಕೊಡುತ್ತಾರೆ. "ನಾಳೆ ಕೊಯ್ಯೋಕೆ ಆಡು ಕಟ್ಟಿ ಹಾಕಿದೆ. ನೆಂಟರು ಬೆಟ್ಟ ಹತ್ತಿಯಾಗಿದೆ. ಇಲ್ಲಿ ನೋಡಿದ್ರೆ ಮಲಗಿರೋ ಕೂಸನ್ನ ಎಬ್ಸು, ಎಬ್ಸಿ ಕುಡಿಸು ಅಂತಾರೆ. ನಿದ್ದೆ ಮಾಡೋ ಮಗೂನ ಯಾರಾದ್ರೂ ಎಬ್ಬಿಸ್ತಾರೇನಪ್ಪಾ? ನಾನು ಇಷ್ಟು ಹೆತ್ತೆ, ಒಂದನ್ನೂ ಎಬ್ಬಿಸ್ಲಿಲ್ಲ. ಎಲ್ಲಾ ಒಂಟೆ ಹಾಗೆ ಬೆಳೆದವು."

ಮಹಾದ್ ಚಹಾ ಕುಡಿದು ಮುಚ್ಚಳವನ್ನು ಹಿಂದಕ್ಕೆ ಕೊಡುತ್ತಾರೆ. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸುತ್ತಾ, ದನಿ ತಗ್ಗಿಸಿ ಹೇಳುತ್ತಾರೆ: "ಇದರ ಅಕ್ಕನ್ನೂ ಎಬ್ಬಿಸ್ಲಿಲ್ಲ. ಮಲಗ್ಲಿ ಅಂದೋಳು ನಾನೇ."

*

ಮಹಾದ್ ಹುಟ್ಟಿದ್ದು ಕರಾವಳಿಯ ತಾಖಾದಲ್ಲಿ. ಅಪ್ಪ ಭೂತಾಯಿ ಮೀನು ಹಿಡಿಯುವವರು. ದೋಣಿಯ ರೇಡಿಯೋ ಕೆಟ್ಟರೆ ಬಂದರಿನ ಹಿಂದಿನ ಸಣ್ಣ ಅಂಗಡಿಗೆ ಒಯ್ಯಬೇಕಿತ್ತು. ಅಂಗಡಿ ಇಟ್ಟಿದ್ದವನು ಜಾಂಜಿಬಾರ್‌ನಿಂದ ಮರಳಿದ ಹಮೂದ್ ಎಂಬ ಮುದುಕ. ರೇಡಿಯೋ ಕೊಡಲು ಹೋದ ಮಹಾದ್ ಅದು ಸರಿಯಾಗುವವರೆಗೂ ಅಲ್ಲೇ ನಿಂತಿರುತ್ತಿದ್ದರು. ಕೊನೆಗೆ ಮುದುಕನೇ ಬೇಸತ್ತು ಒಂದು ಸ್ಟೂಲು ಕೊಟ್ಟ.

ಅಲ್ಲಿ ಕಲಿತದ್ದರಲ್ಲಿ ಎರಡು ಪಾಠಗಳು ಇವತ್ತಿಗೂ ಅವರ ಮೈಯಲ್ಲಿವೆ. ಮೊದಲನೆಯದು, ಸಮುದ್ರದೂರಿನಲ್ಲಿ ಯಂತ್ರ ತಾನಾಗಿ ಸಾಯುವುದಿಲ್ಲ, ಯಾರೋ ಬಂದು ಅದರ ಮೇಲೆ ಕೂರುತ್ತಾರೆ: ಉಪ್ಪು, ತೇವ, ಜಿಡ್ಡು, ಜೇಡ. ಭಾಗವನ್ನು ಬದಲಿಸುವ ಮೊದಲು ಕೂತವರು ಯಾರೆಂದು ನೋಡಬೇಕು. ಎರಡನೆಯದು, ಹೆಚ್ಚಿನ ವೋಲ್ಟೇಜಿನ ಪೆಟ್ಟಿಗೆಗೆ ಎರಡೂ ಕೈ ಹಾಕಬಾರದು. ಒಂದು ಕೈ ಕೆಲಸದಲ್ಲಿ, ಇನ್ನೊಂದು ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಒಂದರಿಂದ ಹೊಕ್ಕ ಕರೆಂಟು ಎದೆ ದಾಟಿಕೊಂಡು ಇನ್ನೊಂದರಿಂದ ಹೊರಡುತ್ತದೆ. ಈ ಪಾಠವನ್ನು ಅವರು ಒಮ್ಮೆ ಮರೆತಿದ್ದರು. ಬಲಗೈ ಹೆಬ್ಬೆರಳ ಬುಡದಲ್ಲಿ ನಾಣ್ಯದಗಲದ ಬಿಳಿ ಕಲೆಯಿದೆ.

"ಪುಣ್ಯಕ್ಕೆ ಆಗ ಒಂದು ಕೈ ಮಾತ್ರ ಒಳಗಿತ್ತು. ಇನ್ನೊಂದನ್ನ ಆಗ ತಾನೇ ಮೂಗು ತುರಿಸ್ಕೊಳ್ಳೋಕೆ ತೆಗ್ದಿದ್ದೆ. ಬದುಕಿದ್ದು ಮೂಗಿನ ದೆಸೆಯಿಂದ."

ಆಮೇಲೆ ತಾಂತ್ರಿಕ ಕಾಲೇಜು, ಆಮೇಲೆ ಗುತ್ತಿಗೆಯ ಕೆಲಸ. ವರ್ಷಗಟ್ಟಲೆ ನೀಲಿ ಪ್ಯಾಂಟು ಅಂಗಿ ತೊಟ್ಟು ಆಸ್ಪತ್ರೆಯ ಹಾಸಿಗೆಗಳ ಮೋಟಾರು, ಬಿ.ಪಿ. ಯಂತ್ರ, ನೀರಿನ ಪಂಪು ರಿಪೇರಿ ಮಾಡಿದರು. ತಕ್ಕಡಿ ಬಂದಾಗ ಅದನ್ನು ಮುಟ್ಟಲು ಇವರಿಗೆ ಅನುಮತಿಯಿರಲಿಲ್ಲ. ತಯಾರಕರ ಎಂಜಿನಿಯರು ಹೊರದೇಶದಿಂದ ಬರಬೇಕಿತ್ತು. ಅವನು ಬಂದಾಗಲೆಲ್ಲ ಟಾರ್ಚು ಹಿಡಿದು ನಿಲ್ಲುವುದು ಇವರ ಕೆಲಸ. "ಟಾರ್ಚ್ ಹಿಡಿದೋನಿಗೆ ಎಲ್ಲಾ ಕಾಣತ್ತೆ," ಎನ್ನುತ್ತಾರೆ. "ಅವನು ಎಲ್ಲಿ ನೋಡ್ತಾನೋ ಅಲ್ಲಿಗೇ ಬೆಳಕು ಬಿಡಬೇಕಲ್ಲ." ಒಂದು ಖರೀಫ್‌ನಲ್ಲಿ, ಅಂದರೆ ಇಲ್ಲಿಯ ಮಂಜು ಮಳೆಯ ಕಾಲದಲ್ಲಿ, ಎಂಜಿನಿಯರಿಗೆ ಬರಲಾಗಲಿಲ್ಲ. ಫೋನಿನಲ್ಲಿ ಅವನು ಹೇಳಿದ್ದನ್ನು ಇವರು ಮಾಡಿದರು, ಯಂತ್ರ ಎದ್ದಿತು. ಅಲ್ಲಿಂದ ಮುಂದೆ ಅವನಿಗೆ ಫೋನು ಹೋಗುವುದು ಕಡಿಮೆಯಾಯಿತು.

ಈ ವರ್ಷದ ಆರಂಭದಲ್ಲಿ ಕೆಲಸ ಕಾಯಂ ಆಯಿತು. ಕಾಯಂ ಆದವರು ನೀಲಿ ಬಟ್ಟೆ ಬಿಟ್ಟು ಬಿಳಿ ನಿಲುವಂಗಿ, ಕಸೂತಿ ಟೋಪಿ ತೊಡುವುದು ಇಲ್ಲಿಯ ರೂಢಿ. ಮೇಲೊಂದು ಲ್ಯಾಬ್ ಕೋಟು. ಮೊದಲ ದಿನ ಹೆಂಡತಿ ನಿಲುವಂಗಿಗೆ ಇಸ್ತ್ರಿ ಹಾಕಿ, ಲೋಬಾನದ ಹೊಗೆ ಹಿಡಿಸಿ, ಕೊರಳಿಂದ ಇಳಿಬಿದ್ದ ನೂಲಿನ ಕುಚ್ಚನ್ನು ಅತ್ತರಿನಲ್ಲಿ ಅದ್ದಿಕೊಟ್ಟಳು. ನೀಲಿ ಅಂಗಿಯ ಕಾಲದಲ್ಲಿ ಈ ಉಪಚಾರ ಇರಲಿಲ್ಲ. ಅಂದಿನಿಂದ ಒಂದು ದಿನವೂ ತಪ್ಪಿಲ್ಲ.

*

ಭಾರದ ಗೆರೆ ಮೊದಲ ಸಲ ಮಾಯವಾದದ್ದು ಈ ಖರೀಫ್‌ನ ಮಂಜು ಇಳಿದ ವಾರದಲ್ಲಿ, ವರ್ಷದ ಸರ್ವಿಸಿಗೆ ಯಂತ್ರ ತೆರೆದು ಮುಚ್ಚಿದ ಬೆನ್ನಿಗೇ. ಮಹಾದ್ ಯಂತ್ರದ ಮುಚ್ಚಳ ತೆಗೆದು ಒಳಗೆ ಒರೆಸಿ, ಸಡಿಲವಾಗಿದ್ದ ಒಂದು ಕನೆಕ್ಟರನ್ನು ಬಿಗಿ ಮಾಡಿದರು. ಗೆರೆ ಬಂತು. ಎರಡು ದಿನಕ್ಕೆ ಮತ್ತೆ ಹೋಯಿತು. ಮತ್ತೆ ತೆರೆದರು, ಬೋರ್ಡು ಬದಲಿಸಿದರು, ಬಂತು, ಹೋಯಿತು. ಕಾರಣ ಏನಿರಬಹುದೆಂದು ಅವರು ಹೀಗೆ ವಿವರಿಸುತ್ತಾರೆ:

"ಒಳಗೆ ನಾಲ್ಕು ಸರಳು ಇವೆ. ಹಗುರದ ಅಣುವನ್ನ ಅವುಗಳ ನಡುವೆ ದಾಟಿಸೋಕೆ ಕಡಿಮೆ ವೋಲ್ಟೇಜು ಸಾಕು. ಭಾರದ್ದಕ್ಕೆ ಜಾಸ್ತಿ ಬೇಕು. ನಮ್ಮ ಪಿಕಪ್ ಗಾಡಿ ನೋಡಿ, ಬಯಲಲ್ಲಿ ಸರಾಗ ಓಡತ್ತೆ, ಬೆಟ್ಟ ಹತ್ತೋವಾಗ ಕೆಮ್ಮತ್ತೆ. ಎಂಜಿನ್ ಸತ್ತಿದೆ ಅಂತಲ್ಲ, ಎಲ್ಲೋ ಸೋರ್ತಿದೆ ಅಂತ. ಇಲ್ಲೂ ಅಷ್ಟೇ. ವೋಲ್ಟೇಜು ತುದಿಗೆ ಹೋಗೋ ಹೊತ್ತಿಗೆ ಎಲ್ಲೋ ಸೋರಿಹೋಗ್ತಿದೆ."

ಎಲ್ಲಿ ಎನ್ನುವುದಕ್ಕೆ ಅವರು ಆಗ ಕಂಡುಕೊಂಡ ಉತ್ತರ ತುಫೂಲ್.

ತುಫೂಲ್ ಪ್ರಯೋಗಾಲಯದ ನೆಲ ಒರೆಸಿ ಚಹಾ ಮಾಡುವ ಹೆಂಗಸು. ಮಹಾದ್‌ಗಿಂತ ಹಿರಿಯಳು, ಯಾರಿಗೂ ಸೊಪ್ಪು ಹಾಕದವಳು. ಯಂತ್ರ ಬಂದ ವರ್ಷ ಅದನ್ನು ನೋಡಲು ಊರ ದೊಡ್ಡವರೆಲ್ಲ ಬಂದಿದ್ದರು. ಅಷ್ಟು ಜನರ ಕಣ್ಣು ಬಿದ್ದ ವಸ್ತು ಹಾಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಅವಳು ಪ್ರತಿ ಗುರುವಾರ ಮಣ್ಣಿನ ಧೂಪದಾನಿಯಲ್ಲಿ ಲೋಬಾನ ಹಾಕಿ ಯಂತ್ರದ ಸುತ್ತ ಹಿಡಿಯುತ್ತಾ ಬಂದಿದ್ದಳು. ಯಂತ್ರ ಕೆಟ್ಟ ಮೇಲೆ ದಿನವೂ ಹಿಡಿಯತೊಡಗಿದಳು. ಲೋಬಾನದ ಹೊಗೆ ಅಂಟಿನ ಹೊಗೆ. ಫ್ಯಾನು ಅದನ್ನು ಎಳೆದುಕೊಂಡರೆ ಒಳಗೆಲ್ಲ ಜಿಡ್ಡು ಕೂರುತ್ತದೆ. ಜಿಡ್ಡಿನ ಮೇಲೆ ಮಂಜಿನ ತೇವ ಕೂತರೆ ಕರೆಂಟಿಗೆ ದಾರಿ ಸಿಗುತ್ತದೆ. ಮಹಾದ್ ಎಲ್ಲರ ಮುಂದೆ ಧೂಪದಾನಿಯನ್ನು ಎತ್ತಿ ಹೊರಗಿಟ್ಟರು. ಅಂದಿನಿಂದ ಅವರ ಚಹಾಕ್ಕೆ ಏಲಕ್ಕಿ ಬಿದ್ದಿಲ್ಲ, ಸಕ್ಕರೆಯೂ ಇಲ್ಲ.

ಹೊಗೆ ನಿಂತು ವಾರವಾಯಿತು. ಮೂರು ದಿನದ ಹಿಂದೆ ಮತ್ತೊಮ್ಮೆ ತೆರೆದು ಒರೆಸಿದ್ದೂ ಆಯಿತು. ನಿನ್ನೆ ಗೆರೆ ಮತ್ತೆ ಹೋಯಿತು.

ಇವತ್ತು ಬೆಳಿಗ್ಗೆ ಬರುವ ರಸಾಯನ ತಜ್ಞೆ ರಹ್ಮಾ, ಪ್ರಯೋಗಾಲಯದ ಮುಖ್ಯಸ್ಥೆ, ಕೋಟು ಹಾಕಿಕೊಳ್ಳುತ್ತಲೇ, ಇಲ್ಲಿಯ ರೂಢಿಯಂತೆ ಮಹಾದ್‌ರನ್ನು ಮಗನ ಹೆಸರಿನಿಂದ ಕರೆದು ಕೇಳುತ್ತಾರೆ:

"ಅಬು ಆಮಿರ್, ಜುಹರ್ ಒಳಗೆ ಆಗತ್ತಾ?"

"ನೋಡ್ಬೇಕು ಮೇಡಂ."

"ಆ ಕಾರ್ಡನ್ನ ನಿನ್ನೆ ಮೂರು ಸಲ ಹಾಕಿದೆ. ಭಾರದ ಗೆರೆ ಇಲ್ಲ. ಹೋಲಿಕೆಗೆ ನಾವೇ ಬೆರೆಸಿರೋ ವಸ್ತುವಿನ ಗೆರೇನೂ ಇಲ್ಲ. ಹಾಗಾಗಿ ಕಾಯಿಲೆ ಇಲ್ಲ ಅಂತ ಬರೆಯೋ ಹಾಗಿಲ್ಲ, ಇದೆ ಅಂತಲೂ ಬರೆಯೋ ಹಾಗಿಲ್ಲ." ಸ್ವಲ್ಪ ತಡೆದು, ಮಾತು ಚುಚ್ಚದಂತೆ ಎಚ್ಚರ ವಹಿಸಿ ಹೇಳುತ್ತಾರೆ: "ಒಂದು ಹೇಳ್ಲಾ, ಬೇಜಾರು ಮಾಡ್ಕೊಬೇಡಿ. ಅದು ಕೆಡೋದು ಯಾವಾಗ್ಲೂ ನೀವು ಸರಿ ಮಾಡಿದ ಮೇಲೇನೇ."

"ಕೆಟ್ಟಾಗ ತಾನೇ ಸರಿ ಮಾಡೋದು."

"ಅಲ್ಲ. ನೀವು ತೆರೆದ ಮೇಲೆ ಎರಡು ದಿನ ನಡೆಯತ್ತೆ, ಆಮೇಲೆ ಹೋಗತ್ತೆ."

ಮಹಾದ್ ಅವರ ಕಿವಿಯ ತುದಿ ಕೆಂಪಾಗುತ್ತದೆ. ಅದನ್ನು ನೋಡಿದ ರಹ್ಮಾ ಕಾರ್ಡುಗಳ ಪೆಟ್ಟಿಗೆಯತ್ತ ತಿರುಗುತ್ತಾರೆ.

*

ಯಂತ್ರದ ನಿರ್ವಾತವನ್ನು ಕೆಡಿಸದೆ, ಪಂಪು ನಿಲ್ಲಿಸದೆ, ಕರೆಂಟಿನ ಭಾಗವನ್ನಷ್ಟೇ ಬಂದ್ ಮಾಡಿ ತೆರೆಯುವುದು ಅವರ ಪದ್ಧತಿ. ನಿರ್ವಾತ ಒಮ್ಮೆ ಹೋದರೆ ಮತ್ತೆ ಕಟ್ಟಲು ಇಡೀ ದಿನ ಬೇಕು, ಇವತ್ತು ಆ ದಿನವಿಲ್ಲ. ಸ್ವಿಚ್ಚು ಆರಿಸಿದ ಮೇಲೂ ಒಳಗೆ ಉಳಿದಿರುವ ಕರೆಂಟನ್ನು ಮರದ ಹಿಡಿಯ ಸರಳಿನಿಂದ ನೆಲಕ್ಕಿಳಿಸುತ್ತಾರೆ. ಸಣ್ಣಗೆ ಚಿಟ್ ಎನ್ನುತ್ತದೆ. ಎಡಗೈ ತಾನಾಗಿ ನಿಲುವಂಗಿಯ ಜೇಬಿಗೆ ಹೋಗುತ್ತದೆ.

ಮೊದಲು, ಧೂಪ ನಿಂತ ದಿನ ಹೊಸದಾಗಿ ಹಾಕಿದ್ದ ಫ್ಯಾನಿನ ಜಾಲರಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅಚ್ಚ ಬಿಳುಪು. ಹೊಗೆ ಎಳೆದುಕೊಂಡ ಜಾಲರಿ ಹಳದಿಗಟ್ಟಬೇಕು. ಅವರು ಜಾಲರಿಯನ್ನು ಮೇಜಿನ ಮೇಲಿಡುತ್ತಾರೆ. ಬೋರ್ಡನ್ನು ಬೇರೆ ಮಾಡಿ ಅಳೆಯುತ್ತಾರೆ. ತುದಿಯವರೆಗೂ ವೋಲ್ಟೇಜು ಸರಿಯಾಗಿ ಏರುತ್ತದೆ. ಕೇಬಲ್ಲು ಸರಿಯಿದೆ. ಹಾಗಾದರೆ ಸೋರಿಕೆ ಉಳಿದ ಒಂದೇ ಜಾಗದಲ್ಲಿರಬೇಕು: ತಂತಿ ನಿರ್ವಾತದೊಳಗೆ ಹೋಗುವ ಕಡೆ, ಕರೆಂಟು ಕಂಬದ ಮೇಲಿರುವಂಥದ್ದೇ, ಆದರೆ ಬೆರಳ ತುದಿಯಷ್ಟು ಪುಟ್ಟ ಪಿಂಗಾಣಿ ಬಿಲ್ಲೆ. ಪ್ರತಿ ಸಲ ತೆರೆದಾಗಲೂ ಅವರು ಮೊದಲು ಒರೆಸುವುದು ಅದನ್ನೇ. ಆದ್ದರಿಂದಲೇ ಅದರ ಮೇಲೆ ಅನುಮಾನ ಬಂದಿರಲಿಲ್ಲ.

ಈ ಸಲ ಒರೆಸುವುದಿಲ್ಲ. ಟಾರ್ಚು ಬಾಯಲ್ಲಿ ಕಚ್ಚಿ ಓರೆಯಾಗಿ ನೋಡುತ್ತಾರೆ. ಹೊಗೆ ಕೂತಿದ್ದರೆ ಬಿಲ್ಲೆಯ ಸುತ್ತ ಒಂದೇ ಸಮನೆ ಕೂರಬೇಕಿತ್ತು. ಇಲ್ಲಿ ಮುಂಭಾಗದಲ್ಲಷ್ಟೇ ಒಂದು ಮಿರುಗುವ ಗೀರಿದೆ, ಯಾರೋ ತುಪ್ಪದ ಬೆರಳು ಸವರಿದ ಹಾಗೆ. ಗೀರಿನುದ್ದಕ್ಕೂ ಧೂಳು ಹಿಡಿದು, ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಸುಟ್ಟಿದೆ. ಕರೆಂಟು ಹರಿದ ದಾರಿ ಅದು.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿ ಮೂಗಿಗೆ ಹಿಡಿಯುತ್ತಾರೆ. ಸ್ಪಿರಿಟ್ಟು ಆರಿದ ಮೇಲೆ ಉಳಿದ ವಾಸನೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾದದ್ದು ತಪ್ಪಾಗಿ.

"ತುಫೂಲ್, ಮತ್ತೆ ಲೋಬಾನ ಹಾಕಿದ್ಯಾ?"

ತುಫೂಲ್ ನೆಲ ಒರೆಸುವ ಕೋಲು ಹಿಡಿದೇ ಬರುತ್ತಾಳೆ. "ಹಾಕ್ಲಿಲ್ಲ."

"ಇದೇನು ಮತ್ತೆ?"

ಅವಳು ಹತ್ತಿಯನ್ನು ಇಸಿದುಕೊಂಡು ಮೂಸುತ್ತಾಳೆ. ಇನ್ನೊಮ್ಮೆ ಮೂಸುತ್ತಾಳೆ. "ಇದು ಹೊಗೆ ಅಲ್ಲ, ಅಬು ಆಮಿರ್. ಹೊಗೆ ವಾಸನೆ ಒಣಗಿರತ್ತೆ. ಇದು ಎಣ್ಣೆ. ಗುಲಾಬಿ ಇದೆ, ಕೇಸರಿ ಇದೆ. ಅತ್ತರು." ಕೋಲನ್ನು ಗೋಡೆಗೊರಗಿಸಿ ಒಂದು ಹೆಜ್ಜೆ ಹತ್ತಿರ ಬರುತ್ತಾಳೆ. "ನಾನು ಅತ್ತರು ಹಚ್ಚಿ ಎಷ್ಟು ವರ್ಷ ಆಯ್ತು ಅಂತ ನನ್ನ ಗಂಡನ್ನೇ ಕೇಳು. ಸತ್ತಿದಾನೆ, ಆದ್ರೂ ಕೇಳು."

"ಹಾಗಾದ್ರೆ ಯಾರದ್ದು?"

"ಬಗ್ಗು ನೋಡೋಣ."

"ಏನು?"

"ಕೆಲಸ ಮಾಡೋವಾಗ ಹೇಗೆ ಬಗ್ತೀಯೋ ಹಾಗೆ ಬಗ್ಗು."

ಮಹಾದ್ ಬಗ್ಗುತ್ತಾರೆ. ಬಲಗೈ ಪೆಟ್ಟಿಗೆಯೊಳಗೆ, ಎಡಗೈ ಜೇಬಿನಲ್ಲಿ. ಲ್ಯಾಬ್ ಕೋಟಿನ ಕೊರಳಿನಿಂದ ಜಾರಿದ ಕುಚ್ಚು ಮುಂದಕ್ಕೆ ತೂಗಿ, ಮುಚ್ಚಳವಿಲ್ಲದ ಪೆಟ್ಟಿಗೆಯ ಒಳಗಿಳಿದು, ಪಿಂಗಾಣಿ ಬಿಲ್ಲೆಯನ್ನು ಮೆಲ್ಲಗೆ ತಾಗಿ ಹಿಂದೆ ಸರಿಯುತ್ತದೆ. ಇನ್ನೊಂದು ಕೈ ಹೊರಗಿದ್ದಿದ್ದರೆ ಅದನ್ನು ಎತ್ತಿ ಹಿಡಿಯುತ್ತಿತ್ತೇನೋ. ಆ ಕೈ ಪ್ರಾಣ ಉಳಿಸುವ ಪಾಠ ಪಾಲಿಸುತ್ತಾ ಜೇಬಿನಲ್ಲಿದೆ.

ಪ್ರತಿ ಸಲವೂ ಹೀಗೇ ಆಗಿದೆ. ಮೊದಲು ಬಿಲ್ಲೆ ಒರೆಸಿದ್ದಾರೆ, ಗೆರೆ ಬಂದಿದೆ. ಕೊನೆಗೆ ಮುಚ್ಚಳ ಹಾಕಲು ಬಗ್ಗಿದಾಗ ಕುಚ್ಚು ಹೊಸದಾಗಿ ಅತ್ತರು ಸವರಿದೆ. ಎರಡು ದಿನದ ಧೂಳು, ಮಂಜು ಅದರ ಮೇಲೆ ಕೂತು ಗೆರೆ ಹೋಗಿದೆ. ನೀಲಿ ಅಂಗಿಗೆ ಕುಚ್ಚಿರಲಿಲ್ಲ.

ರಹ್ಮಾ ಕಾರ್ಡುಗಳ ಪೆಟ್ಟಿಗೆಯನ್ನು ಮುಚ್ಚಿ ನಿಂತಿದ್ದಾರೆ. ತುಫೂಲ್‌ಳೇ ಹೇಳುತ್ತಾಳೆ: "ನನ್ನ ಧೂಪದಾನಿ ವಾರದಿಂದ ಮಳೆಯಲ್ಲಿ ನೆನೀತಿದೆ."

"ಗೊತ್ತು."

"ಅಪವಾದ ಹೊರ್ಸಿದ್ದು ನನ್ನ ಮೇಲೆ. ಕಳ್ಳ ಇದ್ದಿದ್ದು ನಿನ್ನ ಕೊರಳಲ್ಲಿ."

"ಹೌದು, ತಪ್ಪಾಯ್ತು. ಕತ್ತರಿ ಕೊಡು."

"ಕತ್ತರಿ ಯಾಕೆ? ನನ್ನ ಸೆರಗಿನ ಪಿನ್ನಿದೆ, ಹಿಂದಕ್ಕೆ ಸಿಗಿಸ್ತೀನಿ."

"ಬೇಡ. ಪಿನ್ನು ಒಳಗೆ ಬಿದ್ರೆ ಅದು ಇನ್ನೊಂದೇ ಕತೆ."

ಕತ್ತರಿ ಬರುತ್ತದೆ. ಮಹಾದ್ ಕುಚ್ಚನ್ನು ಬುಡದಲ್ಲಿ ಹಿಡಿದು ಕತ್ತರಿಸಿ, ಕಾಗದದಲ್ಲಿ ಸುತ್ತಿ, ದೂರದ ಮೇಜಿನ ಖಾನೆಯಲ್ಲಿಡುತ್ತಾರೆ. ಕೈ ತೊಳೆಯುತ್ತಾರೆ. ಕೋಟಿನ ಗುಂಡಿಯನ್ನು ಕೊರಳವರೆಗೂ ಹಾಕುತ್ತಾರೆ. "ಮನೇಲಿ ಕೇಳಿದ್ರೆ?" ಎಂದು ತುಫೂಲ್ ಕೇಳಿದರೆ, "ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಎನ್ನುತ್ತಾರೆ. "ನಗ್ತಾಳೆ. ನಗ್ಲಿ."

ಬಿಲ್ಲೆಯ ಮೇಲಿನ ಸುಟ್ಟ ಎಳೆ ಒರೆಸಿದರೆ ಹೋಗುವುದಿಲ್ಲ. ಬೇರೊಂದು ಬಿಲ್ಲೆ ಹಾಕಲು ನಿರ್ವಾತ ಒಡೆಯಬೇಕು. ಮಹಾದ್ ಕಡ್ಡಿಯ ತುದಿಗೆ ನಯವಾದ ಉಜ್ಜುಕಾಗದ ಸುತ್ತಿ, ಉಸಿರು ಬಿಗಿಹಿಡಿದು, ಕಪ್ಪು ಎಳೆಯನ್ನು ಸ್ವಲ್ಪ ಸ್ವಲ್ಪವಾಗಿ ಕೆರೆಯುತ್ತಾರೆ. ಪಿಂಗಾಣಿ ಬಿರುಕು ಬಿಟ್ಟರೆ ಗಾಳಿ ಒಳನುಗ್ಗಿ ಯಂತ್ರ ವಾರಗಟ್ಟಲೆ ಏಳುವುದಿಲ್ಲ. ಕೆರೆದು ಒರೆಸುತ್ತಾರೆ, ಮತ್ತೆ ಕೆರೆಯುತ್ತಾರೆ. ಹೊರಗೆ ಬೆಂಚಿನ ಮೇಲೆ ನುವೈರ್ ಯಾರೊಂದಿಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿರುವುದು ಕೇಳಿಸುತ್ತದೆ. ಮಗ ಗಾಡಿಗೆ ಪೆಟ್ರೋಲು ಹಾಕಿಸಿದ್ದಾನೆ, ಹೊರಟಿದ್ದಾನೆ.

ಎಳೆ ಹೋದ ಮೇಲೆ ಬಿಸಿ ಗಾಳಿಯಲ್ಲಿ ಒಣಗಿಸಿ, ಮುಚ್ಚಳ ಹಾಕಿ, ಕರೆಂಟು ಕೊಟ್ಟು ಹಿಂದೆ ಸರಿಯುತ್ತಾರೆ. ಮುಂದಿನದು ರಹ್ಮಾರ ಕೆಲಸ. ಅವರು ಪರೀಕ್ಷಾ ದ್ರಾವಣ ಬಿಡುತ್ತಾರೆ. ಪರದೆಯ ಮೇಲೆ ಹಗುರದ ಗೆರೆಗಳು ಬರುತ್ತವೆ. ನಡುವಿನವು ಬರುತ್ತವೆ. ಬಲಗಡೆ ಒಂದು ಕ್ಷಣ ಖಾಲಿ. ಆಮೇಲೆ ಅಲ್ಲೂ ಒಂದು ಗೆರೆ ಎದ್ದು ನಿಲ್ಲುತ್ತದೆ. ಮಹಾದ್ ಮೆಲುದನಿಯಲ್ಲಿ ದೇವರ ಹೆಸರು ಹೇಳುತ್ತಾರೆ. ರಹ್ಮಾ ಅದೇ ದ್ರಾವಣವನ್ನು ಇನ್ನೊಂದು ಸಲ ಬಿಡುತ್ತಾರೆ, ಮತ್ತೂ ಒಂದು ಸಲ. ಗೆರೆ ಅಲುಗುವುದಿಲ್ಲ.

ಆಮೇಲೆ ಕೂಸಿನ ಬೊಟ್ಟು.

ಹೋಲಿಕೆಗೆಂದು ಬೆರೆಸಿದ್ದರ ಗೆರೆ ತನ್ನ ಜಾಗದಲ್ಲಿ ಸಣ್ಣಗೆ ನಿಂತಿದೆ. ಅದರ ಪಕ್ಕದಲ್ಲಿ ಕೂಸಿನದು ಏಳುತ್ತದೆ, ಎದ್ದು ಎದ್ದು ಮಿನಾರಿನಂತೆ ಮೇಲೆ ಹೋಗುತ್ತದೆ. ಓದಲು ರಸಾಯನಶಾಸ್ತ್ರ ಬೇಕಾಗಿಲ್ಲ. ರಹ್ಮಾ ಇನ್ನೊಂದು ಬೊಟ್ಟನ್ನು ಹಾಕಿ, ಅಷ್ಟೇ ಎತ್ತರ ನೋಡಿ, ಫೋನು ಎತ್ತಿಕೊಳ್ಳುತ್ತಾರೆ. "ಹೊರಟಿದಾರಾ? ನಿಲ್ಲಿಸಿ," ಎಂದಷ್ಟೇ ಹೇಳಿ, ಪರದೆಯ ಮೇಲಿನ ಅಂಕಿಗಳನ್ನು ಓದತೊಡಗುತ್ತಾರೆ. ಮಸೀದಿಯಿಂದ ಜುಹರ್‌ನ ಕರೆ ಕೇಳಿಸುತ್ತಿದೆ.

*

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮಹಾದ್ ಧೂಪದಾನಿಯನ್ನು ಮಳೆಯಿಂದ ಎತ್ತಿ, ಒರೆಸಿ, ಪ್ರಯೋಗಾಲಯದ ಬಾಗಿಲಿನಾಚೆ ಗಾಳಿ ಹೊರಗೆ ಹೋಗುವ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ.

"ಇಲ್ಲಿ ಹಚ್ಚು. ಒಳಗೆ ಬೇಡ."

"ಸಾಹೇಬ್ರ ಅಪ್ಪಣೆ ಆಯ್ತಾ?" ಎನ್ನುತ್ತಾಳೆ ತುಫೂಲ್. "ಕಣ್ಣು ಬೀಳೋದು ಒಳಗೆ, ಧೂಪ ಹೊರಗೆ. ಆಗ್ಲಿ, ದೂರದಿಂದಾದ್ರೂ ತಾಗತ್ತೆ." ಚಹಾ ತಂದಿಡುತ್ತಾಳೆ. ಏಲಕ್ಕಿಯಿದೆ. ಸಕ್ಕರೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಇದೆ.

ತನಗೇನಾದರೂ ಬೇಕೆಂದು ಮಹಾದ್ ಸಾಮಾನ್ಯವಾಗಿ ಹೇಳುವವರಲ್ಲ. ಬಹಳ ಕೇಳಿದರೆ, ತಾಖಾದ ಆ ಅಂಗಡಿ ಮುಚ್ಚಿಹೋಗಿದೆ, ಅದರ ಹಳೆಯ ಸ್ಟೂಲು ಸಿಕ್ಕಿದ್ದರೆ ಯಂತ್ರದ ಮುಂದೆ ಹಾಕಿಕೊಳ್ಳುತ್ತಿದ್ದೆ ಎನ್ನುತ್ತಾರೆ. ಇಲ್ಲಿಯ ಕುರ್ಚಿಗೆ ಚಕ್ರಗಳಿವೆ, ಕೂತರೆ ಹಿಂದಕ್ಕೋಡುತ್ತದೆ.

ಚಹಾ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನುವೈರ್ ಕಾಣಿಸಿಕೊಳ್ಳುತ್ತಾರೆ. ಬೆಂಚಿನ ಮೇಲೆ ಬಿಟ್ಟು ಹೋಗಿದ್ದ ಥರ್ಮಾಸು ಒಯ್ಯಲು ಬಂದಿದ್ದಾರೆ. ಮುಖ ಗಂಟಿಕ್ಕಿದೆ.

"ನಿನ್ನ ಯಂತ್ರಕ್ಕೆ ಬೆಂಕಿ ಬೀಳ. ಬೆಟ್ಟಕ್ಕೆ ಹೋಗೋ ಹಾಗಿಲ್ವಂತೆ. ಕಾಗದ ತೋರಿಸ್ತಾರೆ, ಗೆರೆ ಎತ್ತರ ಇದೆಯಂತೆ. ನನ್ನ ಮಗ ಕಾಗದ ನೋಡಿ ಗೋಡೆಗೆ ಒರಗಿ ಕೂತುಬಿಟ್ಟ. ಆಡಿಗೊಂದು ಆಯಸ್ಸು ಬಂತು, ಅಷ್ಟೇ."

"ಹೆಸರು ಇಡಲ್ವಾ ಹಾಗಾದ್ರೆ?"

"ಇಡದೇ ಏನು? ಇಲ್ಲೇ ಇಡ್ತೀವಿ. ಬೆಟ್ಟದ ಮೇಲೆ ಇಟ್ರೂ ಅದೇ ಹೆಸರು ತಾನೇ." ಥರ್ಮಾಸನ್ನು ಕಂಕುಳಿಗೆ ಸೇರಿಸುತ್ತಾರೆ. "ಅದಕ್ಕೆ ಬೇರೆ ಥರ ಹಾಲು ತರಿಸ್ತಾರಂತೆ. ನಿದ್ದೆಯಲ್ಲೂ ಎಬ್ಬಿಸಿ ಕುಡಿಸ್ಬೇಕಂತೆ. ಸೊಸೆ ಸಣ್ಣೋಳು, ಮಲಗಿದ್ರೆ ಏಳಲ್ಲ. ನಾನೇ ಎಬ್ಬಿಸ್ತೀನಿ. ನನಗೆಲ್ಲಿ ನಿದ್ದೆ." ಹೊರಟವರು ನಿಂತು ಅವರ ಕೊರಳನ್ನು ದಿಟ್ಟಿಸುತ್ತಾರೆ. "ಬೆಳಿಗ್ಗೆ ಕುಚ್ಚಿತ್ತಲ್ಲ ನಿನಗೆ?"

"ಯಂತ್ರ ಕೇಳ್ತು ಖಾಲಾ. ಕೊಟ್ಟೆ."

"ಅದೂ ಬೇಕಾ ಅದಕ್ಕೆ? ಹಾಳಾದ್ದು." ಬೈಯುತ್ತಲೇ ಅವರು ಮೆಟ್ಟಿಲು ಹತ್ತುತ್ತಾರೆ. ದನಿ ಮೇಲಿನ ಮಹಡಿಯವರೆಗೂ ಕೇಳಿಸುತ್ತದೆ.

ಬೇಸರವಾಗಲಿಲ್ಲವೇ ಎಂದರೆ ಮಹಾದ್ ಇಲ್ಲವೆಂದು ತಲೆಯಾಡಿಸುತ್ತಾರೆ. ಖಾಲಿ ಲೋಟವನ್ನು ಯಂತ್ರದಿಂದ ದೂರ, ಮೇಜಿನ ಆ ತುದಿಗೆ ಇಡುತ್ತಾರೆ.

"ಅದು ಕೆಟ್ಟಿದ್ದಾಗ ಎಲ್ರೂ ನನ್ನ ಬೈತಾರೆ. ಇವತ್ತು ಯಂತ್ರಾನ ಬೈದ್ರು."